ಬಾಲೆ ಇರುವ ಮನೆಗೆ ಬಂದ ಬಾಲ

ಲಕ್ಷ್ಮೀ ನಗರ, ದೆಹಲಿ
ಭಾನುವಾರ, 6 ಅಕ್ಟೋಬರ್ 2024

ಚಿ. ಅದಿತಿಗೆ, ಹೆದರಿ ಕೂತಿರುವ ಅಪ್ಪನ ಆಶೀರ್ವಾದ.

ನಿನ್ನಮ್ಮ ವಾರವೆಲ್ಲ ಮಗು ನೋಡಿಕೊಂಡು ಶುಕ್ರವಾರ ಸಂಜೆ ನಿಮ್ಮ ಮನೆಯಿಂದ ಬಂದವಳು ಚೀಲವನ್ನೂ ಕೆಳಗಿಡದೆ ಸುದ್ದಿ ಒದರಿದಳು: "ಅದಿತಿ ನಾಯಿ ತರ್ತಾಳಂತೆ!" ನನ್ನ ಕಿವಿಯ ಯೋಗ್ಯತೆ ನಿನಗೆ ಗೊತ್ತೇ ಇದೆ. "ತಾಯಿ ತರ್ತಾಳಾ? ಇರೋ ತಾಯಿ ನೀನು ಸಾಲ್ದೇನೇ?" ಎಂದೆ. ಕೊನೆಗೆ ಪೇಪರಿನ ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸಿದಳು. ಓದಿದ ಮೇಲೆ, ಕೇಳಿಸದಿದ್ದದ್ದೇ ಚೆನ್ನಾಗಿತ್ತು ಅನಿಸಿತು.

ಮಾನ್ಯಾಗೆ ಇನ್ನೂ ಎಂಟು ತಿಂಗಳು. ಬಾಲೆ ಇರುವ ಮನೆಗೆ ಬಾಲ ಏಕಮ್ಮ? ನಮ್ಮ ಬೀದಿಯಲ್ಲಿ ಮೆಟ್ಟಿಲಿಗೊಂದು ಕೋಚಿಂಗ್ ಸೆಂಟರ್ ಇದೆ. ನಿನ್ನ ಮನೆಯಲ್ಲೊಂದು ಕಚ್ಚಿಂಗ್ ಸೆಂಟರ್ ತೆರೆಯಲೇಬೇಕೇ? ಅದೂ ಎಂಥ ನಾಯಿ! ಮೂಸಿ ಅಲ್ಲ, ನೋಡಿ ಬೇಟೆಯಾಡುವ ಜಾತಿಯಂತೆ. ದೂರದಲ್ಲಿ ಏನಾದರೂ ಮಿಸುಕಿದರೆ ಸಾಕು, ಬಾಣದ ಹಾಗೆ ಹೋಗುತ್ತದೆ ಎಂದು ಅಳಿಯಂದಿರು ಹೆಮ್ಮೆಯಿಂದ ವರ್ಣಿಸಿದರಂತೆ. ನಿನ್ನಮ್ಮ ದಿನಾ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಾಳೆ. ನೀನು ದೃಷ್ಟಿಗೇ ನಾಲ್ಕು ಕಾಲು ಹಚ್ಚಿ ಮನೆಗೆ ಕರೆತರುತ್ತಿದ್ದೀಯ.

ತಮಾಷೆ ಇಲ್ಲಿಗೆ ಮುಗಿಯಿತು. ನನಗೆ ಭಯವಾಗಿದೆ. ಸಚಿವಾಲಯಕ್ಕೆ ಹೋಗುವ ದಾರಿಯಲ್ಲಿ ಬೀದಿನಾಯಿ ಕಂಡರೆ ರಸ್ತೆ ದಾಟುತ್ತಿದ್ದವನು ನಾನು. ಅದು ನನ್ನ ಹಣೆಬರಹ, ಬಿಡು. ಆದರೆ ಮಗು ಇನ್ನೇನು ತೆವಳುತ್ತದೆ. ಕೈಗೆ ಸಿಕ್ಕಿದ್ದನ್ನು ಎಳೆಯುತ್ತದೆ. ನನ್ನ ಮೀಸೆ ಸಹಿಸಿಕೊಂಡಿತು. ನಾಯಿಯ ಕಿವಿ ಸಹಿಸಿಕೊಂಡೀತೇ? ನಾಯಿ ಏಕೆ ಬೇಕು ಎಂದು ಒಂದು ಕಾರಣ ಹೇಳು. ಅದು ಬಂದರೆ ನಾನು ನಿನ್ನ ಮನೆಗೆ ಬರುವುದಿಲ್ಲ. ಇದು ಬೆದರಿಕೆ ಅಲ್ಲ, ಹೆದರಿಕೆ.

ಉತ್ತರ ನಿನ್ನಮ್ಮನ ಚೀಲದಲ್ಲಿ ಕಳಿಸು. ಕಿವಿಯಂತ್ರದ ಮಾತು ಮಾತ್ರ ಮತ್ತೆ ಎತ್ತಬೇಡ. ಈ ಊರಲ್ಲಿ ಹಾರ್ನ್ ಬಿಟ್ಟರೆ ಕೇಳಿಸಿಕೊಳ್ಳುವಂಥದ್ದು ಏನಿದೆ?

ನಿನ್ನ ಅಪ್ಪ,
ಚಂದ್ರಮೋಹನ

~

ಗುರುಗ್ರಾಮ
ಶುಕ್ರವಾರ, 11 ಅಕ್ಟೋಬರ್ 2024

ಪ್ರೀತಿಯ ಅಪ್ಪ,

ನಿಮ್ಮ ಪತ್ರ ಓದಿ ವರುಣ್ ಎರಡು ಸಲ ನಕ್ಕರು, ತಮಾಷೆ ಮುಗಿದ ಮೇಲಿನ ಸಾಲುಗಳನ್ನು ಮತ್ತೊಮ್ಮೆ ಓದಿದರು. ನಾನೂ ಅಷ್ಟೇ.

ಮಾನೇಸರ್ ದಾರಿಯಲ್ಲಿ, ವರುಣ್ ಫ್ಯಾಕ್ಟರಿಗೆ ಸ್ವಲ್ಪ ಮೊದಲು, ಬಿಟ್ಟುಹೋದ ನಾಯಿಗಳ ಆಶ್ರಯವೊಂದಿದೆ. ಅಲ್ಲಿನ ಡಾಕ್ಟರು ನಮ್ಮವರು, ಮಂಡ್ಯದ ಅಮೂಲ್ಯ. ನಾವು ಹೋದಾಗ ಬಾಗಿಲಲ್ಲೇ ಎಚ್ಚರಿಸಿದರು: "ಚಂದ ನೋಡಿ ಒಪ್ಕೋಬೇಡಿ ಮೇಡಂ, ಹೆಣ್ಣು ನೋಡೋ ಶಾಸ್ತ್ರ ಅಲ್ಲ ಇದು."

ಮೊದಲು ಬಂದವನು ಮುಧೋಳದವನು. ಎರಡು ವರ್ಷದ ಗಂಡು, ಬಿಲ್ಲಿನಂಥ ಬೆನ್ನು. ವರುಣ್ ಕುಣಿದಾಡಿದರು, "ನಮ್ಮ ಕಡೆಯವ್ನು ಕಣೇ!" ಎಂದು. ದೆಹಲಿಯಲ್ಲಿ ಕನ್ನಡದ ನಂಬರ್ ಪ್ಲೇಟ್ ಕಂಡರೂ ಅವರು ಹೀಗೇ. ಅಮೂಲ್ಯ ಮೊಬೈಲಿನಲ್ಲಿ ಎಳೆಮಗುವಿನ ಅಳು ಹಾಕಿದರು. ಅವನು ಕಲ್ಲಾದ. ಕುತ್ತಿಗೆ ನೆಟ್ಟಗೆ, ಕಣ್ಣು ಮೊಬೈಲಿನ ಮೇಲೆ, ಬಾಲವೂ ಅಲ್ಲಾಡಲಿಲ್ಲ. "ಮಕ್ಕಳಿಲ್ಲದ ಮನೆಗೆ ಇವನು ಬಂಗಾರ. ನಿಮಗೆ ಬೇಡ" ಎಂದು ಒಳಗೆ ಕಳಿಸಿದರು. ಎರಡನೆಯದು ಬರೀ ನಡುಗುತ್ತಿತ್ತು. ನನ್ನನ್ನು ನಾನೇ ಕನ್ನಡಿಯಲ್ಲಿ ನೋಡಿದಂತಾಗಿ, ಬೇಡ ಎಂದೆ.

ಮೂರನೆಯವಳು ಬಿಜ್ಲಿ. ಗ್ರೇಹೌಂಡ್ ಬೆರಕೆ, ಐದು ವರ್ಷ. ಹೊಲಗಳಲ್ಲಿ ಪಂದ್ಯ ಕಟ್ಟಿ ಮೊಲದ ಹಿಂದೆ ಓಡಿಸುತ್ತಿದ್ದರಂತೆ. ಕಾಲು ಉಳುಕಿದ ಮೇಲೆ ಹೈವೇ ಪಕ್ಕ ಬಿಟ್ಟುಹೋದರಂತೆ. ಅಳು ಕೇಳಿಸಿದ್ದೇ ಇವಳು ಮುಖ ತಿರುಗಿಸಿದಳು, ಒಮ್ಮೆ ಆಕಳಿಸಿದಳು, ಎದ್ದು ಆಚೆ ಹೋದಳು. ನನಗೆ ಪೆಚ್ಚೆನಿಸಿತು. ಅಮೂಲ್ಯ ಮಾತ್ರ ಮುಗುಳ್ನಕ್ಕರು: "ಬಂದು ನೆಕ್ಕೋ ನಾಯಿ ಅಲ್ಲ ನಿಮಗೆ ಬೇಕಾಗಿರೋದು. ಸಾಕು ಅನ್ಸಿದಾಗ ದೂರ ಹೋಗೋಕೆ ಗೊತ್ತಿರೋ ನಾಯಿ. ಮಲಗಿದ್ದಾಗ ಮಾತ್ರ ಯಾರೂ ಮುಟ್ಟಬಾರದು, ಬೆಚ್ಚಿ ಬಾಯಿ ಹಾಕಬಹುದು."

ಕಾರಣ ಕೇಳಿದಿರಿ. ಅಮ್ಮ ದಾರಿಯಲ್ಲಿ ಈ ಪತ್ರ ಓದುತ್ತಾಳೆಂದು ಗೊತ್ತು, ಓದಲಿ. ಮಾನ್ಯಾ ತಿಂಗಳು ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳಲ್ಲ, ಅಂದಿನಿಂದ ನಾನು ಸರಿಯಾಗಿ ಮಲಗಿಲ್ಲ. ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ನೋಡಿದ ಮೇಲೆ, ಸರಿಯಾಗಿ ನೋಡಿದೆನೇ ಎಂದು ಇನ್ನೊಮ್ಮೆ ನೋಡುತ್ತೇನೆ. ಮಾತ್ರೆ ಇದೆ, ಕೌನ್ಸೆಲಿಂಗ್ ಇದೆ. ಎರಡೂ ಆಫೀಸಿನ ಮೀಟಿಂಗ್ ಇದ್ದಂತೆ, ನಡೆಯುತ್ತಿವೆ.

ಬಿಜ್ಲಿ ಅಲ್ಲೇ ಸಿಮೆಂಟ್ ನೆಲದ ಮೇಲೆ ಕಾಲು ಚಾಚಿ ಒರಗಿದಳು. ಅಷ್ಟೆಲ್ಲ ಆದ ಮೇಲೂ ಅವಳಿಗೆ ಒರಗುವುದು ಮರೆತಿಲ್ಲ. ನಮ್ಮ ಮನೆಯಲ್ಲಿ ಒರಗಲು ಬಲ್ಲವರು ಒಬ್ಬರಾದರೂ ಇರಲಿ ಎನಿಸಿತು. ಇಷ್ಟೇ ಕಾರಣ.

ನಿಮ್ಮ
ಅದಿತಿ

~

ಲಕ್ಷ್ಮೀ ನಗರ
ಭಾನುವಾರ, 10 ನವೆಂಬರ್ 2024

ಚಿ. ಅದಿತಿಗೆ, ಸೋತರೂ ಒಪ್ಪದ ಅಪ್ಪನ ಆಶೀರ್ವಾದ.

ದೀಪಾವಳಿ ಪಟಾಕಿ ಅಡಗಿದ ಮೇಲೆ ಬಿಜ್ಲಿಯ ಗೃಹಪ್ರವೇಶವಾಯಿತೆಂದು ತಿಳಿಯಿತು. ಇಲ್ಲಿ ಹೊಗೆ ಎಷ್ಟಿದೆಯೆಂದರೆ ಎದುರಿನ ಕೋಚಿಂಗ್ ಬೋರ್ಡಿನ ಟಾಪರುಗಳ ಮುಖವೇ ಕಾಣುತ್ತಿಲ್ಲ. ನಿನ್ನ ದೃಷ್ಟಿನಾಯಿಗೂ ಈ ತಿಂಗಳು ರಜೆ ಎಂದುಕೊಂಡು ಸಮಾಧಾನಪಡುತ್ತೇನೆ.

ನಿನ್ನಮ್ಮ ಪಕ್ಷಾಂತರ ಮಾಡಿದ್ದಾಳೆ. "ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ" ಎಂಬ ಗಾದೆಯನ್ನು ನಾನು ಎತ್ತಿದೆ. "ಇದಕ್ಕೆ ಏಳೋಕೇ ಪುರುಸೊತ್ತಿಲ್ಲ ಕಣ್ರೀ. ಒರಗಿಕೊಂಡೇ ಮಗೂನ ಕಾಯತ್ತೆ. ಗಂಟೆಗಟ್ಟಲೆ ಎವೆ ಮುಚ್ಚಲ್ಲ, ಪಾಪ" ಎನ್ನುತ್ತಾಳೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ನನಗೆ ಸಿಗದ 'ಪಾಪ' ಅದಕ್ಕೆ ಒಂದೇ ವಾರದಲ್ಲಿ ಸಿಕ್ಕಿತು.

ಈ ಸಲದ ಚೀಲದಲ್ಲಿ ಬೆಳ್ಳಿ ಗೆಜ್ಜೆ ಇದೆ. ನಿನ್ನದೇ, ನೀನು ತೆವಳುವಾಗ ಕರೋಲ್ ಬಾಗ್‌ನಲ್ಲಿ ಕೊಂಡದ್ದು. ಮಾನ್ಯಾ ಮಂಡಿ ಊರಿದಳೆಂದು ಕೇಳಿದೆ, ಕಟ್ಟು. ಮಗು ಮೊದಲ ಸಲ ಹೊಸಿಲು ದಾಟಿದ ದಿನ ಕಾಯಿ ಒಡೆದು ಸಿಹಿ ಹಂಚಬೇಕು. ಆದರೆ ನಿಮ್ಮ ಒಂಬತ್ತನೇ ಮಹಡಿಯಲ್ಲಿ ಹೊಸಿಲೇ ಇಲ್ಲವಲ್ಲ! ನಡುಮನೆಯಿಂದ ಬಚ್ಚಲವರೆಗೂ ಒಂದೇ ಟೈಲ್ಸು. ದಾಟುವುದಕ್ಕೇ ಏನೂ ಇಲ್ಲದ ಮನೆಯಲ್ಲಿ ಮಗು ಬೆಳೆಯುವುದು ಹೇಗೆ?

ಅಪ್ಪ

~

ಗುರುಗ್ರಾಮ
ಶುಕ್ರವಾರ, 29 ನವೆಂಬರ್ 2024

ಪ್ರೀತಿಯ ಅಪ್ಪ,

ಗೆಜ್ಜೆ ಕಟ್ಟಿದೆ. ಈಗ ಮಾನ್ಯಾ ಸೋಫಾ ಹಿಂದಿದ್ದಾಳೋ ಮೇಜಿನ ಕೆಳಗೋ ಎಂದು ನಾನು ಬಗ್ಗಿ ನೋಡಬೇಕಿಲ್ಲ. ಘಲ್ ಎಂದರೆ ಸಾಕು, ಬಿಜ್ಲಿ ಎದ್ದು ಇನ್ನೊಂದು ಮೂಲೆಗೆ ಹೋಗುತ್ತಾಳೆ. ಇಡೀ ದಿನ ಇಬ್ಬರ ಮೆರವಣಿಗೆ: ಮುಂದೆ ಬಾಲ, ಹಿಂದೆ ಬಾಲೆ.

ಇದನ್ನು ನಿಮಗೆ ಬರೆಯಬಾರದೆಂದುಕೊಂಡಿದ್ದೆ. ಅಮ್ಮ ಹೇಗೂ ಹೇಳುತ್ತಾಳೆ. ಬುಧವಾರ ಬಾಲ್ಕನಿಯ ಬಲೆಯ ತೂತಿನಿಂದ ಪಾರಿವಾಳವೊಂದು ಒಳಗೆ ಬಂತು. ಬಿಜ್ಲಿ ಹಾಲ್‌ನ ಆ ತುದಿಯಲ್ಲಿ ಒರಗಿದ್ದಳು. ಅವಳು ಎದ್ದದ್ದನ್ನು ನಾನು ನೋಡಲಿಲ್ಲ. ಅಲ್ಲಿದ್ದಳು, ಆಮೇಲೆ ಇಲ್ಲಿದ್ದಳು. ನಡುವೆ ಏನೂ ಇರಲಿಲ್ಲ. ಕಚ್ಚದಂತೆ ಬಾಯಿಗೆ ಜಾಳಿಗೆ ಕಟ್ಟಿಟ್ಟಿದ್ದರಿಂದ ಹಕ್ಕಿ ಬದುಕಿತು. ಮಾನ್ಯಾ ಚಪ್ಪಾಳೆ ತಟ್ಟಿ ನಕ್ಕಳು. ನಾನು ಅವಳನ್ನೆತ್ತಿಕೊಂಡು ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕೂತೆ. ವರುಣ್ ಬರುವವರೆಗೂ ಕೂತಿದ್ದೆ.

ಬೈಯಬೇಡಿ.

ಅದಿತಿ

~

ಲಕ್ಷ್ಮೀ ನಗರ
ಭಾನುವಾರ, 1 ಡಿಸೆಂಬರ್ 2024

ಚಿ. ಅದಿತಿ,

ಬೈಯುತ್ತಿಲ್ಲ. ಬೈಯಲು ಬೇಕಾದಷ್ಟು ಉಸಿರು ಉಳಿದಿಲ್ಲ. ಅಲ್ಲಿದ್ದಳು, ಆಮೇಲೆ ಇಲ್ಲಿದ್ದಳು ಎಂಬ ನಿನ್ನ ಸಾಲನ್ನು ಓದಿ ಓದಿ ಕಾಗದವೇ ಸವೆದಿದೆ.

ಗೆಜ್ಜೆ ತಕ್ಷಣ ತೆಗೆ. ಮಿಸುಕಿದ್ದನ್ನು ಕಂಡರೆ ಹಾರುವ ಪ್ರಾಣಿಗೆ, ಮಿಸುಕುವುದು ಎಲ್ಲಿದೆ ಎಂದು ನಾವೇ ಗಂಟೆ ಬಾರಿಸಿ ತೋರಿಸಬೇಕೇ? ಮಗು ಅದರ ಕಣ್ಣಿಗೆ ಘಲ್‌ಘಲ್ ಎನ್ನುವ ಮೊಲವಾಗಿ ಕಂಡರೆ? ಹಳೆಯ ಅಭ್ಯಾಸದಂತೆ ಬರೆಯುತ್ತೇನೆ, ನಗಬೇಡ: ದಿನಾಂಕ 10-11-2024ರ ಪತ್ರದ ಮೂಲಕ ಹೊರಡಿಸಿದ ಗೆಜ್ಜೆ ಆದೇಶವನ್ನು ಈ ಮೂಲಕ ಹಿಂಪಡೆಯಲಾಗಿದೆ. ಕೂಡಲೇ ಜಾರಿಗೆ ಬರತಕ್ಕದ್ದು.

ಸಹಿ,
ಮಾನ್ಯಾಳ ಅಜ್ಜ

~

ಗುರುಗ್ರಾಮ
ಶುಕ್ರವಾರ, 6 ಡಿಸೆಂಬರ್ 2024

ಪ್ರೀತಿಯ ಅಪ್ಪ,

ಆದೇಶ ಜಾರಿಯಾಯಿತು. ಗೆಜ್ಜೆ ದೇವರ ಗೂಡಿನಲ್ಲಿದೆ. ಬಲೆಯ ತೂತನ್ನೂ ವರುಣ್ ಹೊಲಿದರು.

ಮನೆ ಎಷ್ಟು ಸದ್ದಿಲ್ಲದಂತಾಗಿದೆ ಗೊತ್ತಾ? ಮಾನ್ಯಾ ಈಗ ಬೆಕ್ಕಿನ ಹಾಗೆ ಓಡಾಡುತ್ತಾಳೆ. ಬಿಜ್ಲಿ ತನ್ನ ಪಾಡಿಗೆ ತಾನಿದ್ದಾಳೆ. ಪಾರಿವಾಳ ಬಿಟ್ಟರೆ ಒಂದೇ ಒಂದು ತಕರಾರಿಲ್ಲ. ಮನೆಯೊಳಗೆ ಇನ್ನು ಜಾಳಿಗೆ ಬೇಡವೆಂದು ತೆಗೆದಿದ್ದೇವೆ.

ನಿನ್ನೆ ಮಧ್ಯಾಹ್ನ ನಾನು ಮಲಗಿದೆ ಅಪ್ಪ. ನಿಜವಾಗಿ ಮಲಗಿದೆ. ಅಮ್ಮ ಅವರೆಕಾಳು ಬಿಡಿಸುತ್ತಾ ಗದರಿದಳು: "ಮಲಗೇ ಸುಮ್ನೆ. ನಾನೂ ಇದ್ದೀನಿ, ಅದೂ ಇದೆ. ನಾನಾದ್ರೂ ತೂಕಡಿಸ್ತೀನೇನೋ, ಅದು ಕಣ್ಣೇ ಮುಚ್ಚಲ್ಲ."

ಅದಿತಿ

~

ಗುರುಗ್ರಾಮ
ಬುಧವಾರ, 18 ಡಿಸೆಂಬರ್ 2024

ಇವರಿಗೆ, ಲೀಲಾ ಬರೆಯುವುದು.

ಫೋನ್ ಮಾಡಿದೆ. ನಾನು ಅಳುತ್ತಾ ಹೇಳುತ್ತಿದ್ದರೆ ನೀವು "ಆಯ್ತು, ಆಯ್ತು, ನಂದು ಊಟ ಆಯ್ತು" ಎಂದು ಇಟ್ಟುಬಿಟ್ಟಿರಿ. ಅದಕ್ಕೇ ವರುಣ್ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ. ಅವರ ಕಾರಿನಲ್ಲೇ ಹೊರಟು ಬನ್ನಿ.

ಮಗು ಚೆನ್ನಾಗಿದೆ. ಮೊದಲು ಅದನ್ನು ಓದಿಕೊಳ್ಳಿ. ಮಗು ಚೆನ್ನಾಗಿದೆ.

ಅದಿತಿ ಒಳಗೆ ಮಲಗಿದ್ದಳು. ನಾನು ಹಾಲ್‌ನಲ್ಲಿ ಕಾಳು ಬಿಡಿಸುತ್ತಿದ್ದೆ. ನಾಯಿ ಕಿಟಕಿ ಬಿಸಿಲಿಗೆ ಒರಗಿ ಮಗುವನ್ನೇ ನೋಡುತ್ತಿತ್ತು. ಮಗು ಅದರ ಕಡೆ ತೆವಳಿತು. ನಾನು ಏಳಲಿಲ್ಲ. ದಿನಾ ನೋಡಿದ್ದೇನಲ್ಲ, ಹತ್ತಿರ ಬಂದರೆ ತಾನೇ ಎದ್ದು ಹೋಗುತ್ತದೆ. ಇವತ್ತು ಹೋಗಲಿಲ್ಲ. ಮಗು ಅದರ ಕಿವಿ ಹಿಡಿದು ಎಳೆಯಿತು. ಅದು ಚೀರಿಕೊಂಡು ಬಾಯಿ ಹಾಕಿತು. ಬಟ್ಟಲು ಎಸೆದು ಓಡಿದೆ. ಅಷ್ಟರಲ್ಲಿ ನಾಯಿ ಸೋಫಾ ಹಿಂದೆ ಸೇರಿ ಗಡಗಡ ನಡುಗುತ್ತಿತ್ತು. ಮಗುವಿನ ಹುಬ್ಬಿನ ಮೇಲೆ ಗೀರು. ರಕ್ತ ಬಂತು. ಆಸ್ಪತ್ರೆಯಲ್ಲಿ ತೊಳೆದು ಸೂಜಿ ಹಾಕಿದರು. ಕಣ್ಣಿಗೆ ಏನೂ ಆಗಿಲ್ಲ ಎಂದರು. ಒಂದು ಬೆರಳಷ್ಟು ಕೆಳಗೆ ಆಗಿದ್ದರೆ ಎಂದು ಅವರು ಹೇಳಲಿಲ್ಲ. ನಾನೇ ಅಂದುಕೊಂಡೆ.

ಅದರ ಕಣ್ಣು ತೆರೆದಿತ್ತು ಕಣ್ರೀ. ದೇವರಾಣೆಗೂ ತೆರೆದಿತ್ತು.

ಅದಿತಿ ಮಗುವಿನ ಮೂಗಿನ ಕೆಳಗಿಟ್ಟ ಬೆರಳು ತೆಗೆಯುತ್ತಿಲ್ಲ.

ಲೀಲಾ

~

ಲಕ್ಷ್ಮೀ ನಗರ
ಗುರುವಾರ, 19 ಡಿಸೆಂಬರ್ 2024

ಅದಿತಿ,

ನಿನ್ನೆ ನಿಮ್ಮ ಬಿಲ್ಡಿಂಗಿನ ಕೆಳಗೇ ನಿಂತಿದ್ದೆ. ಲಿಫ್ಟಿನವರೆಗೆ ಬಂದೆ. ಗುಂಡಿ ಒತ್ತಲು ಆಗಲಿಲ್ಲ. ವರುಣ್ ಮಗುವನ್ನು ಕೆಳಗೆ ತಂದು ತೋರಿಸಿದರು. ಬ್ಯಾಂಡೇಜ್ ಹಾಕಿದ್ದ ಮುಖದಲ್ಲೇ ನನ್ನ ಮೀಸೆ ಎಳೆಯಿತು.

ನಾಯಿಯನ್ನು ಕಳಿಸಿಬಿಡು. ಇಂದೇ ಕಳಿಸು. ನನಗೆ ಬೇರೆ ಏನೂ ಬರೆಯಲು ತೋಚುತ್ತಿಲ್ಲ. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಅಪ್ಪ

~

ಗುರುಗ್ರಾಮ
ಶುಕ್ರವಾರ, 27 ಡಿಸೆಂಬರ್ 2024

ಪ್ರೀತಿಯ ಅಪ್ಪ,

ನಿಮ್ಮ ಪತ್ರದಲ್ಲಿ ಒಂದೂ ತಮಾಷೆ ಇರಲಿಲ್ಲ. ಮೊದಲು ಅದಕ್ಕೇ ಅತ್ತೆ.

ನೀವು ಬರೆಯುವ ಮೊದಲೇ ಅಮೂಲ್ಯಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗಿ ಎಂದಿದ್ದೆ. ಭಾನುವಾರ ವ್ಯಾನ್ ತಂದರು. ಬಿಜ್ಲಿಯನ್ನು ಚಿಕ್ಕ ಕೋಣೆಯಲ್ಲಿಟ್ಟು ಬಾಗಿಲಿಗೆ ವರುಣ್ ಸೊಂಟದೆತ್ತರದ ಹಲಗೆ ಅಡ್ಡ ಹೊಡೆದಿದ್ದರು. ಹಲಗೆಯ ಆಚೆ ಅವಳು ಒರಗಿದ್ದಳು, ಕಣ್ಣು ನಮ್ಮ ಕಡೆಗೇ. ಅಮ್ಮ ಸೆರಗು ಹಿಂಡುತ್ತಾ, "ನೋಡಮ್ಮ, ಹೀಗೇ ನೋಡ್ತಾ ಇತ್ತು. ಗೊತ್ತಿದ್ದೂ ಕಚ್ಚಿತು" ಎಂದಳು.

ಅಮೂಲ್ಯ ಹಲಗೆಯ ಮೇಲಿಂದ ಕೈ ಬೀಸಿದರು. ಬಿಜ್ಲಿ ಅಲ್ಲಾಡಲಿಲ್ಲ. ಇನ್ನೊಮ್ಮೆ ಬೀಸಿದರು. ಇಲ್ಲ.

"ಆಂಟಿ, ಅವಳು ನಿದ್ದೆ ಮಾಡ್ತಿದ್ದಾಳೆ."

"ಕಣ್ಣು ಬಿಟ್ಟಿದೆಯಲ್ಲಮ್ಮ!"

"ಈ ಜಾತೀಲಿ ಎಷ್ಟೋ ನಾಯಿಗಳು ಹೀಗೇ ಮಲಗೋದು. ನಾನು..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಮಲಗಿದ್ದಾಗ ಮುಟ್ಟಬೇಡಿ ಎಂದಿದ್ದರು. ಮಲಗಿದೆಯೆಂದು ತಿಳಿಯುವುದು ಹೇಗೆ ಎಂದು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅಮ್ಮ ಹಲಗೆಯ ಮೇಲಿಂದ ತಾನೂ ಒಮ್ಮೆ ಕೈ ಬೀಸಿ ನೋಡಿದಳು. ಇಷ್ಟು ದಿನ ಅವಳು ಮಗುವಿಗೆ ಕಾವಲಿಟ್ಟದ್ದು ಒಂದು ನಿದ್ದೆಯನ್ನು.

ಆಮೇಲೆ ಅಮೂಲ್ಯ, "ಮುಂಚೆ ಹೇಗೆ ಎದ್ದು ಹೋಗ್ತಿದ್ದಳು?" ಎಂದು ಕೇಳಿದರು. ನಾನು ದೇವರ ಗೂಡಿನಿಂದ ಗೆಜ್ಜೆ ತಂದು ಬಾಗಿಲಲ್ಲಿ ನಿಂತು ಒಮ್ಮೆ ಕುಲುಕಿದೆ. ಕಿವಿ ತಿರುಗಿತು. ತೆರೆದೇ ಇದ್ದ ಕಣ್ಣಿಗೆ ಯಾರೋ ಒಳಗಿನಿಂದ ಬಂದು ನಿಂತ ಹಾಗಾಯಿತು. ಎದ್ದಳು. ಆ ಮೂಲೆಗೆ ಹೋದಳು.

ಆ ಬಗ್ಗೆ ನಾನು ಇನ್ನೇನೂ ಬರೆಯುವುದಿಲ್ಲ ಅಪ್ಪ. ತೆಗೆದವಳು ನಾನು.

"ವ್ಯಾನ್ ಕೆಳಗಿದೆ. ಕರ್ಕೊಂಡು ಹೋದ್ರೂ ತಪ್ಪು ತಿಳ್ಕೊಳಲ್ಲ" ಎಂದರು ಅಮೂಲ್ಯ. "ಇಟ್ಕೊಂಡ್ರೆ ಗೆಜ್ಜೆ ಒಂದನ್ನೇ ನಂಬ್ಕೋಬೇಡಿ. ಹಲಗೆ ಇರ್ಲಿ. ಅವಳು ಮಲಗೋದು ಹಲಗೆ ಆಚೆ ಮಾತ್ರ. ಈಚೆ ಬಂದ್ರೆ ಬಾಯಿಗೆ ಜಾಳಿಗೆ. ಜೊತೆಗೆ ಎಚ್ಚರ ಇರೋ ದೊಡ್ಡೋರೊಬ್ಬರು, ಯಾವಾಗ್ಲೂ."

ಸಂಕ್ರಾಂತಿಯವರೆಗೆ ಸಮಯ ಕೇಳಿದ್ದೇನೆ. ನೀವು ಕೋಪಿಸಿಕೊಳ್ಳುತ್ತೀರಿ, ಗೊತ್ತು. ಅವಳನ್ನು ವ್ಯಾನ್ ಹತ್ತಿಸಲು ನನ್ನ ಕೈ ಏಳಲಿಲ್ಲ. ಕಣ್ಣು ತೆರೆದುಕೊಂಡು ಮಲಗುವುದು, ಮುಟ್ಟಿದರೆ ಬೆಚ್ಚಿ ಚೀರುವುದು ಏನೆಂದು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಎಚ್ಚರ ಇರುವವರು ಸಾಲುತ್ತಿಲ್ಲ. ಅಮ್ಮನಿಗೆ ಈಗ ತನ್ನ ಕಣ್ಣಿನ ಮೇಲೇ ನಂಬಿಕೆಯಿಲ್ಲ. ನಾನು ಮತ್ತೆ ಮಲಗುತ್ತಿಲ್ಲ. ನೀವು ಬನ್ನಿ ಎಂದು ಕೇಳುತ್ತಿಲ್ಲ. ಸುಮ್ಮನೆ ಹೇಳಿದೆ.

ಅದಿತಿ

~

ಗುರುಗ್ರಾಮ, ನಿನ್ನದೇ ಊಟದ ಮೇಜು
ಮಂಗಳವಾರ, 14 ಜನವರಿ 2025, ಸಂಕ್ರಾಂತಿ

ಚಿ. ಅದಿತಿಗೆ, ನಾಲ್ಕು ಹೆಜ್ಜೆ ದೂರದಿಂದ ಅಪ್ಪನ ಆಶೀರ್ವಾದ.

ನೀನು ಎದ್ದಾಗ ಸಿಗಲೆಂದು ಇದನ್ನು ಮೇಜಿನ ಮೇಲೆ ಬಿಡುತ್ತೇನೆ.

ಕಿವಿಯಂತ್ರ ಹಾಕಿಸಿಕೊಂಡೆ. ಬೆಳಿಗ್ಗೆಯ ಗಲಾಟೆಯಲ್ಲಿ ನೀನು ಗಮನಿಸಲಿಲ್ಲ. ಮಾನ್ಯಾ ಗಮನಿಸಿ ಎರಡು ಸಲ ಕಿತ್ತಳು. ಹಾಕಿಕೊಂಡ ದಿನ ಮೊದಲು ಕೇಳಿಸಿದ್ದು ನಮ್ಮ ಕೆಳಗಿನ ಕೋಚಿಂಗ್ ಮೇಷ್ಟ್ರ ಪಾಠ. ಇಷ್ಟು ವರ್ಷ ಅವರು ಇಷ್ಟು ತಪ್ಪು ಹೇಳಿಕೊಡುತ್ತಿದ್ದರೂ ನಾನು ಆ ಮನೆಯಲ್ಲಿ ನೆಮ್ಮದಿಯಾಗಿದ್ದೆ. ಎರಡನೆಯದು ನಿನ್ನಮ್ಮನ ದನಿ. ಇಷ್ಟು ಸಣ್ಣಗಾಗಿದೆಯೆಂದು ಗೊತ್ತಿರಲಿಲ್ಲ. ಆವತ್ತು ಫೋನಿನಲ್ಲಿ ಈ ದನಿ ಅಳುತ್ತಿದ್ದಾಗ ನಾನು ನನ್ನ ಊಟದ ವರದಿ ಒಪ್ಪಿಸಿದೆ.

ಇಂದು ಲಿಫ್ಟಿನ ಗುಂಡಿ ನಾನೇ ಒತ್ತಿದೆ.

ನೀನು ಮಗುವಿಗೆ ನೀರೆರೆಯುತ್ತಿದ್ದಾಗ ಇಲ್ಲೊಂದು ನಾಟಕ ನಡೆಯಿತು. ಬಿಜ್ಲಿಯ ನೀರಿನ ಬಟ್ಟಲು ಬರಿದಾಗಿತ್ತು. ನಿನ್ನಮ್ಮ ಚೊಂಬನ್ನು ನನ್ನ ಕೈಗಿತ್ತು, "ಇಲ್ಲಿ ಕಾವಲಿರೋರು ಇಷ್ಟಾದ್ರೂ ಮಾಡ್ಬೇಕು" ಎಂದಳು. ನನ್ನ ಕಾಲಲ್ಲಿ ಗೆಜ್ಜೆ ಇರಲಿಲ್ಲ, ಆದ್ದರಿಂದ ಅವಳು ಎಚ್ಚರಗೊಳ್ಳಲೆಂದು ಕೆಮ್ಮಿದೆ. ಅವಳು ಎದ್ದಳು. ನಾನು ಹಲಗೆಯ ಮೇಲೆ ಒಂದು ಕಾಲು ಹಾಕಿದೆ. ಇನ್ನೊಂದು ಬರಲಿಲ್ಲ. ಕುದುರೆ ಸವಾರನಂತೆ ಹಲಗೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ನಿನ್ನಮ್ಮ ನಗಲಿಲ್ಲ, ಅದೇ ದೊಡ್ಡದು. ಆಮೇಲೆ ದಾಟಿದೆ. ಬಿಜ್ಲಿ ಆ ಮೂಲೆಗೆ ಓಡಿದಳು, ನಾನು ಈ ಮೂಲೆಗೆ. ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ ನಡುಗಿದೆವು. ನಡುವೆ ಚೊಂಬು.

ಹೊರಗೆ ಠಪ್ ಎಂದು ಸದ್ದಾಯಿತು. ನಿನ್ನಮ್ಮ ಹಲಗೆಯ ಬುಡದಲ್ಲಿ ಕಾಯಿ ಒಡೆದಿದ್ದಳು. "ಏನೇ ಇದು?" ಎಂದೆ. "ಮಗು ಹೊಸಿಲು ದಾಟಿತು" ಎಂದಳು. ಎಪ್ಪತ್ತರ ಈ ಮಗುವಿನ ಲೆಕ್ಕದ ಸಿಹಿಯನ್ನು ಎಳ್ಳಿನ ಜೊತೆ ಸೇರಿಸಿ ಹಂಚಲು ಈಗ ಅಕ್ಕಪಕ್ಕದ ಮನೆಗಳಿಗೆ ಹೋಗಿದ್ದಾಳೆ.

ಭಯ ಹೋಗಿದೆಯೆಂದು ತಿಳಿಯಬೇಡ. ಮಾನ್ಯಾಳ ಹುಬ್ಬಿನ ಗೀರು ಕಂಡಾಗಲೆಲ್ಲ ಕೈ ತಣ್ಣಗಾಗುತ್ತದೆ. ಗೆಜ್ಜೆಯ ಆದೇಶ ಹೊರಡಿಸಿದ್ದೂ ಇದೇ ಕೈ, ಹಿಂಪಡೆದದ್ದೂ ಇದೇ ಕೈ. ಅಮೂಲ್ಯಗೆ ನೀನು ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ವ್ಯಾನ್ ಬಂದರೆ ತಡೆಯುವುದಿಲ್ಲ. ಬಾರದಿದ್ದರೆ, ಸೋಮವಾರದಿಂದ ಶುಕ್ರವಾರದವರೆಗೆ ನಿನ್ನಮ್ಮನ ಚೀಲದ ಜೊತೆ ನಾನೂ ಬರುತ್ತೇನೆ. ಇಷ್ಟು ಹೆದರಿದವನಿಗೆ ನಿದ್ದೆ ಎಲ್ಲಿಂದ ಬರಬೇಕು? ಕಾವಲಿಗೆ ನನಗಿಂತ ಯೋಗ್ಯರು ಈ ಊರಲ್ಲಿ ಸಿಗಲಾರರು.

ಈಗ ಬಿಜ್ಲಿ ಹಲಗೆಯ ಆಚೆ ಒರಗಿದ್ದಾಳೆ. ಕಣ್ಣು ತೆರೆದಿದೆ. ಕೈ ಬೀಸಿ ನೋಡಿದೆ, ನಿದ್ದೆ. ಮಾನ್ಯಾ ತೊಟ್ಟಿಲಲ್ಲಿದ್ದಾಳೆ, ಕಾಲಲ್ಲಿ ಗೆಜ್ಜೆ ಇದೆ, ನಿದ್ದೆ. ಊಟ ಮಾಡಿ ಸೋಫಾಕ್ಕೆ ತಲೆ ಕೊಟ್ಟ ನೀನು ಇನ್ನೂ ಎದ್ದಿಲ್ಲ. ನಿನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಒಮ್ಮೆ ನೋಡಿ, ಸರಿಯಾಗಿ ನೋಡಿದೆನೇ ಎಂದು ಇನ್ನೊಮ್ಮೆ ನೋಡಿದೆ. ನಿನ್ನ ಕಣ್ಣು ಪೂರ್ತಿ ಮುಚ್ಚಿದೆ.

ಚೀಲದ ಅಂಚೆ ಇನ್ನು ಬೇಡವೇನೋ. ಫೋನ್ ಮಾಡು, ಕೇಳಿಸುತ್ತದೆ. ಇಲ್ಲಿ ಇಷ್ಟೊಂದು ಸದ್ದಿದೆಯೆಂದು ನಾನು ಊಹಿಸಿರಲಿಲ್ಲ: ಫ್ರಿಜ್ಜು, ಕೆಳಗಿನ ತರಕಾರಿ ಭಯ್ಯಾ, ನಾಯಿಯ ಉಸಿರು, ನಿನ್ನ

ಘಲ್ ಎಂದಿತು. ತೊಟ್ಟಿಲ ಕಡೆಯಿಂದ. ಏಳುತ್ತೇನೆ.

ಅಪ್ಪ